ಬೂದಿಗೂ ಬೀಗ ಹಾಕಿದ ಅಕ್ಕ

ಬೆಳಗಿನ ಆರು ಗಂಟೆ. ನೇಕಾರರ ಸಂಘದ ಹಿಂದಿನ ಕೋಣೆಯಲ್ಲಿ ಬೂದಿಯಕ್ಕ ಮರದ ಹಲಗೆಯ ಮೇಲೆ ಕಾಲು ಮಡಚಿ ಕೂತಿದ್ದಾರೆ. ಬಾಗಿಲ ಕಡೆ ಒಮ್ಮೆ, ಕಿಟಕಿಯ ಕಡೆ ಒಮ್ಮೆ ನೋಡಿ, ಕೊರಳ ದಾರಕ್ಕೆ ಕಟ್ಟಿದ ಕೀಲಿಕೈ ಹೊರತೆಗೆದು ತಗಡಿನ ಪೆಟ್ಟಿಗೆಯ ಬೀಗ ತೆರೆಯುತ್ತಾರೆ. ಒಳಗೆ ಚಿನ್ನವೂ ಇಲ್ಲ, ಬೆಳ್ಳಿಯೂ ಇಲ್ಲ. ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಿದ ಒಲೆಯ ಬೂದಿ ಇದೆ. ಇದಕ್ಕೂ ಬೀಗವೇ ಎಂದು ಪತ್ರಿಕೆಯವರು ಕೇಳಿದ್ದೇ ತಪ್ಪಾಯಿತು. "ಬೀಗ ಯಾಕೆ ಅಂತ ಕೇಳೋರ ಮೇಲೇ ನಂಗೆ ಮೊದಲು ಅನುಮಾನ. ನಿಮ್ಮನ್ನ ಇಲ್ಲಿಗೆ ಕಳಿಸಿದ್ದು ಯಾರು, ಅದನ್ನ ಹೇಳಿ ಮೊದಲು," ಎನ್ನುತ್ತಾರೆ.

ಯಾರೂ ಕಳಿಸಿಲ್ಲ ಎಂದರೆ ನಂಬುವವರ ಪೈಕಿ ಅವರಲ್ಲ. ಗುರುತಿನ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರಲ್ಲಿರುವ ಫೋಟೋವನ್ನೂ ಎದುರಿಗಿರುವ ಮುಖವನ್ನೂ ಎರಡೆರಡು ಸಲ ಹೋಲಿಸಿ ನೋಡಿದ ಮೇಲೆ, "ಸರಿ, ಅಲ್ಲೇ ಕೂತ್ಕೊಳ್ಳಿ. ಏನನ್ನೂ ಮುಟ್ಬೇಡಿ," ಎಂದು ಅಪ್ಪಣೆಯಾಗುತ್ತದೆ.

ಮಗ್ಗದಲ್ಲಿ ಉದ್ದಕ್ಕೆ ಹಾಸಿದ ದಾರ ನೇಯ್ದು ಮುಗಿದಾಗ ಹಳೆಯ ಎಳೆಗಳ ತುದಿ ಬಾಚಣಿಗೆಯಂಥ ಹಣಿಗೆಯಲ್ಲಿ ಉಳಿದುಕೊಳ್ಳುತ್ತದೆ. ಹಣಿಗೆಯನ್ನು ಆ ತುದಿಗಳ ಸಮೇತ ಬಿಡಿಸಿ ಈ ಕೋಣೆಗೆ ತರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ತುದಿಗೆ ಕೂಡಿಸುವುದು ಬೂದಿಯಕ್ಕನ ಕೆಲಸ. ಗಂಟು ಹಾಕುವಂತಿಲ್ಲ, ಹಾಕಿದರೆ ಹಣಿಗೆಯ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಎರಡು ತುದಿ ಸೇರಿಸಿ, ಬೆರಳಿಗೆ ಒಂದಿಷ್ಟು ಬೂದಿ ತಾಗಿಸಿ, ಹೊಸೆದು, ಮಡಚಿ, ಮತ್ತೆ ಹೊಸೆಯಬೇಕು. ನೇಕಾರರು ಇದನ್ನು ಕೆಚ್ಚುವುದು ಎನ್ನುತ್ತಾರೆ. ಹಿಡಿತ ಕೊಡುವುದು ಬೂದಿ. ಅದು ಸರಿಯಿಲ್ಲದಿದ್ದರೆ ಎಳೆ ಜಾರಿ ಇಡೀ ಹಾಸು ಹಾಳು.

ಒಂದು ಹಾಸು ಎಂದರೆ ಎರಡು ಸಾವಿರದ ನಾನೂರು ಎಳೆ. ನೂರು ಎಳೆಯಾದಾಗಲೆಲ್ಲ ಅಂಗಿಯ ಗುಂಡಿಯೊಂದನ್ನು ಎಡಗಡೆಯ ಬಟ್ಟಲಿನಿಂದ ಬಲಗಡೆಯ ಬಟ್ಟಲಿಗೆ ಹಾಕುತ್ತಾರೆ. ನೀರು ಕುಡಿಯಲು ಎದ್ದು ಹೋಗಿ ಬಂದರೆ ಗುಂಡಿಗಳನ್ನು ಮತ್ತೆ ಎಣಿಸಿಯೇ ಕೂರುವುದು. ಹಾಸು ಬಂದ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಇಪ್ಪತ್ತನಾಲ್ಕು ಗುಂಡಿಯೂ ದಾಟಿರುತ್ತವೆ. ಹದಿನೆಂಟು ಮಗ್ಗಗಳ ಈ ಸಂಘದಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಇದೇ ಲೆಕ್ಕ. ಹೆಬ್ಬೆರಳಿನ ಗೆರೆಗಳು ಎಂದೋ ಸವೆದು ಹೋಗಿವೆ. ಬೆರಳಚ್ಚು ಕೇಳುವ ಕಚೇರಿಗೆ ಹೋದರೆ ಯಂತ್ರ ಇವರನ್ನು ಗುರುತೇ ಹಿಡಿಯುವುದಿಲ್ಲ. "ನಾನು ಅದನ್ನ ನಂಬಲ್ಲ, ಅದು ನನ್ನ ನಂಬಲ್ಲ. ಇಬ್ಬರಿಗೂ ಸರಿಹೋಯ್ತು," ಎನ್ನುತ್ತಾರೆ, ನಗದೆ.

ಇಷ್ಟಾಗಿ ಅವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಚ್ಚಿದ ಭಾಗ ಹಣಿಗೆ ದಾಟಿ ಬಂದ ಮೇಲೆ ಆ ಗೇಣುದ್ದದ ತುಂಡನ್ನು ಕತ್ತರಿಸಿ ಬಿಸಾಡುತ್ತಾರೆ. ಬಟ್ಟೆಯ ಮೇಲಿನ ಚೀಟಿಯಲ್ಲಿ ನೇಯ್ದವರ ಹೆಸರಿರುತ್ತದೆ. ಸಂಘದ ಗೋಡೆಯ ಮೇಲೆ ನೇಕಾರರ ಫೋಟೋಗಳಿವೆ. ಬಣ್ಣ ಹಾಕುವ ಅವರ ಗಂಡನದೂ ಇದೆ, ಮೊಣಕೈವರೆಗೆ ನೀಲಿ ಬಣ್ಣ ಮೆತ್ತಿಕೊಂಡು ಹಲ್ಲು ಕಿಸಿದಿದ್ದಾರೆ. ಬೂದಿಯಕ್ಕನದಿಲ್ಲ. ತೆಗೆಯಲು ಬಂದವನನ್ನು, "ಈ ಫೋಟೋ ಇಟ್ಕೊಂಡು ಏನ್ ಮಾಡ್ತೀಯ?" ಎಂದು ಇವರೇ ಓಡಿಸಿದ್ದು ಎಂಬುದು ಬೇರೆ ಮಾತು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಅಂಗಳದ ಉದ್ದನೆಯ ಬೆಂಚುಗಳಲ್ಲಿ ಕೂರುತ್ತಾರೆ. ನೂಲು ಸುತ್ತುವವರು, ಬಣ್ಣದವರು, ನೇಯುವವರು, ಒಬ್ಬರ ಡಬ್ಬಿಗೆ ಒಬ್ಬರ ಕೈ. ಈ ಶುಕ್ರವಾರ ಮಾತ್ರ ಮಾತು ಕಡಿಮೆ. ಬೂದಿಯಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ, ಹಿಂದಿನಿಂದ ಯಾರೂ ಬರದ ಹಾಗೆ. ಗಂಡ ಪತ್ರಿಕೆಯವರ ಕಿವಿಯಲ್ಲಿ, "ನಾನು ಸತ್ತರೂ ಮೂರು ಸಲ ಮುಟ್ಟಿ ನೋಡ್ದೆ ನಂಬೋಳಲ್ಲ ಇವಳು," ಎನ್ನುತ್ತಾರೆ. "ಕೇಳಿಸ್ತು ರೀ," ಎಂದು ಗೋಡೆಯ ಕಡೆಯಿಂದ ಉತ್ತರ ಬರುತ್ತದೆ.

ಮಾತು ಕಡಿಮೆಯಾಗಲು ಕಾರಣವಿದೆ. ಒಂದೇ ತಿಂಗಳಲ್ಲಿ ಬೂದಿಯಕ್ಕ ಕೆಚ್ಚಿದ ಮೂರು ಹಾಸು ಜಾರಿವೆ. ಮೂರನೆಯದು ಸಂಘದ ಕಾರ್ಯದರ್ಶಿಯ ಮಗ್ಗದ್ದೇ. ಅವರು ಹಾಸನ್ನು ಮುಂದಕ್ಕೆ ಎಳೆದಾಗ ಎಳೆಗಳು ಹತ್ತಿಪ್ಪತ್ತರಂತೆ ಕಳಚಿಕೊಂಡವು. ಇಲ್ಲಿಯ ನಿಯಮ ಹಳೆಯದು, ಗೋಡೆಯ ಮೇಲೆ ಬರೆದೂ ಇಟ್ಟಿದ್ದಾರೆ: ವರ್ಷದೊಳಗೆ ಮೂರು ಹಾಸು ಜಾರಿದರೆ ಕೆಚ್ಚುವವರು ಹಲಗೆ ಬಿಟ್ಟು ಒಂದು ವರ್ಷ ನೂಲು ಸುತ್ತಲು ಕೂರಬೇಕು. ಇಪ್ಪತ್ತೊಂಬತ್ತು ವರ್ಷ ಕೂತ ಹಲಗೆ ಅದು. ಬೂದಿಯಕ್ಕ ಸುಮ್ಮನಿರಲಿಲ್ಲ. ತಮ್ಮ ಎಳೆಗಳನ್ನು ಯಾರೋ ಬೇಕೆಂದೇ ಸಡಿಲ ಮಾಡುತ್ತಿದ್ದಾರೆ ಎಂದು ದೂರು ಕೊಟ್ಟರು. ಯಾರೋ ಅಲ್ಲ, ಬೆರಳು ಮಾಡಿ ತೋರಿಸಿಯೇ ಹೇಳಿದರು: ಪಕ್ಕದ ಹಲಗೆಯಲ್ಲಿ ಕೂತು ಕೆಚ್ಚುವ ಕನ್ನಡಕದವಳು. ಸೋಮವಾರ ಬೆಳಗ್ಗೆ ಸಭೆ. ದೂರು ನಿಜವಾದರೆ ಕನ್ನಡಕದವಳು ಸಂಘದಿಂದಲೇ ಆಚೆ. ಸುಳ್ಳಾದರೆ ಅಕ್ಕ ಹಲಗೆಯಿಂದ ಆಚೆ.

ಕನ್ನಡಕದವಳು ಸಂಘಕ್ಕೆ ಬಂದು ಎರಡು ವರ್ಷ. ವಯಸ್ಸು ಮೂವತ್ತರ ಮೇಲೆ, ಮಾತು ಕಡಿಮೆ. ಮಾತು ಕಡಿಮೆ ಇರುವುದೇ ಬೂದಿಯಕ್ಕನ ಮೊದಲ ಸಾಕ್ಷಿ. "ಒಳಗೇನೂ ಇಲ್ದಿದ್ರೆ ಯಾಕೆ ಬಾಯಿ ಮುಚ್ಕೊಂಡಿರ್ಬೇಕು?" ಎರಡನೆಯ ಸಾಕ್ಷಿ ಇನ್ನೂ ಗಟ್ಟಿ. "ಮೊದಲನೇ ವರ್ಷ ಅವಳು ಕೆಚ್ಚಿದ್ದು ನೂರಕ್ಕೆ ಹತ್ತು ಜಾರ್ತಿತ್ತು. ನಾನೇ ಹಿಂದೆ ಕೂತು ಸರಿ ಮಾಡ್ತಿದ್ದೆ. ಈಗ ನೋಡಿ, ನಂದು ಜಾರತ್ತೆ, ಅವಳ್ದು ಒಂದೇ ಒಂದು ಜಾರಲ್ಲ. ಹೇಗೆ ಸ್ವಾಮಿ?"

ಬೀಗದ ಕಥೆಯೂ ಅಲ್ಲಿಂದಲೇ ಶುರು. ಮೊದಲು ಬೂದಿ ಕಿಟಕಿಯ ಕಟ್ಟೆಯ ಮೇಲೆ ಮಣ್ಣಿನ ಬಟ್ಟಲಲ್ಲಿ ಇರುತ್ತಿತ್ತು. ಒಂದೂವರೆ ತಿಂಗಳ ಹಿಂದೆ, ಬಟ್ಟಲಲ್ಲಿ ಬೂದಿ ಇಳಿಯುತ್ತಿದೆ ಎಂದು ಅಕ್ಕನಿಗೆ ಅನ್ನಿಸಿತು. ಬಟ್ಟಲಿನ ಒಳಗೆ ಉಗುರಿನಿಂದ ಗೆರೆ ಎಳೆದಿಟ್ಟರು. ಮರುದಿನ ಬೂದಿ ಗೆರೆಯ ಕೆಳಗೆ. ಅಂದೇ ಮನೆಯ ಅಟ್ಟದಿಂದ ಗಂಡನ ಹಳೆಯ ತಗಡಿನ ಪೆಟ್ಟಿಗೆ ಇಳಿಸಿ, ಸೋಪು ಹಾಕಿ ಉಜ್ಜಿ ತೊಳೆದು, ಬಿಸಿಲಿಗಿಟ್ಟು, ಬೂದಿ ತುಂಬಿ ಬೀಗ ಜಡಿದರು. "ಬೀಗ ಹಾಕಿದ ಮೇಲೂ ನನ್ನ ಹಾಸು ಜಾರ್ತಿದೆ ಅಂದ್ರೆ, ಅವಳ ಕೈ ಎಂಥಾದ್ದಿರ್ಬೇಕು, ನೀವೇ ಯೋಚ್ನೆ ಮಾಡಿ," ಎಂದು ಪತ್ರಿಕೆಯವರನ್ನು ಕೇಳುತ್ತಾರೆ. ಬರೆದುಕೊಂಡದ್ದನ್ನು ಓದಿ ಹೇಳಿಸಿ, "ಅವಳ ಕೈ" ಎಂಬಲ್ಲಿ ಅಡಿಗೆರೆ ಹಾಕಿಸುತ್ತಾರೆ.

ಶನಿವಾರ ಅಕ್ಕ ಅರ್ಧ ಗಂಟೆ ಮೊದಲೇ ಬಂದಿದ್ದಾರೆ. ಕನ್ನಡಕದವಳ ಹಲಗೆಯ ಪಕ್ಕ ಅವಳ ಬೆತ್ತದ ಬುಟ್ಟಿ ಇದೆ. ಪರರ ಬುಟ್ಟಿಗೆ ಕೈ ಹಾಕುವುದು ಸರಿಯಲ್ಲ ಎಂದು ಪತ್ರಿಕೆಯವರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈ ಬುಟ್ಟಿಯೊಳಗಿದೆ. ಒಂದು ಕತ್ತರಿ, ಬಾಚಣಿಗೆ, ಕೆಚ್ಚಿ ಕೆಚ್ಚಿ ಅಭ್ಯಾಸ ಮಾಡಿದ ದಾರದ ಚೂರುಗಳ ಒಂದು ರಾಶಿ. ತಳದಲ್ಲಿ ಕಾಗದದ ಪೊಟ್ಟಣ. ಬಿಚ್ಚಿದರೆ ಬೂದಿ.

"ಸಿಕ್ತು," ಎನ್ನುತ್ತಾರೆ ಬೂದಿಯಕ್ಕ. ಅವರ ಮುಖದಲ್ಲಿ ಅಂಥ ಸಂತೋಷವನ್ನು ಯಾರೂ ಕಂಡಿರಲಿಕ್ಕಿಲ್ಲ. ಇದು ತಮ್ಮದೇ ಬೂದಿ ಎಂದು ಸಭೆಯಲ್ಲಿ ತೋರಿಸಬೇಕಲ್ಲ, ಪೊಟ್ಟಣದ ಬೂದಿಯನ್ನು ಬಲಗೈಯ ಬೆರಳಿಗೂ ಪೆಟ್ಟಿಗೆಯದನ್ನು ಎಡಗೈಯ ಬೆರಳಿಗೂ ಹಚ್ಚಿ ತಿಕ್ಕಿ ನೋಡುತ್ತಾರೆ. ಮತ್ತೊಮ್ಮೆ ತಿಕ್ಕುತ್ತಾರೆ. ನಗು ಅಲ್ಲೇ ನಿಲ್ಲುತ್ತದೆ. ದಾರದ ಎರಡು ಚೂರು ಎತ್ತಿಕೊಂಡು ಪೊಟ್ಟಣದ ಬೂದಿಯಲ್ಲಿ ಹೊಸೆದು ಎಳೆಯುತ್ತಾರೆ. ಎಳೆ ಹರಿಯಿತೇ ಹೊರತು ಹೊಸೆದದ್ದು ಬಿಡಲಿಲ್ಲ. ಪೆಟ್ಟಿಗೆಯ ಬೂದಿಯಲ್ಲಿ ಹೊಸೆದು ಎಳೆಯುತ್ತಾರೆ. ಸುಮ್ಮನೆ ಜಾರಿ ಬಂತು.

ಪೆಟ್ಟಿಗೆಯನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಾರೆ. ಆಮೇಲೆ ಎದ್ದು, ಅಂಗಳ ದಾಟಿ, ಬಣ್ಣದ ತೊಟ್ಟಿಯ ಬಳಿ ಇದ್ದ ಗಂಡನ ಮುಂದೆ ನಿಲ್ಲುತ್ತಾರೆ.

"ರೀ, ಈ ಪೆಟ್ಟಿಗೇಲಿ ಮೊದಲು ಏನಿಡ್ತಿದ್ರಿ?"

"ಮಗ್ಗದ ಎಣ್ಣೆ ಕುಪ್ಪಿ. ಅದು ಸೋರಿ ಸೋರಿನೇ ಅಲ್ವಾ ಅಟ್ಟಕ್ಕೆ ಹಾಕಿದ್ದು."

"ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲೇ ಇಲ್ವಲ್ಲೇ. ಏನಕ್ಕೆ ಬೇಕು ಅಂತ ನಾನು ಕೇಳಿದ್ದಕ್ಕೆ, ನಿಮಗ್ಯಾಕೆ ಆ ವಿಚಾರ ಅಂದೆ."

ತಗಡಿನ ಮಡಿಕೆಗಳಲ್ಲಿ ಅಡಗಿದ್ದ ಎಣ್ಣೆ ಸೋಪಿಗೆ ಬಿಟ್ಟಿಲ್ಲ, ದಿನಕ್ಕಿಷ್ಟರಂತೆ ಬೂದಿಗೆ ಬಿಟ್ಟಿದೆ. ಪೊಟ್ಟಣದಲ್ಲಿದ್ದದ್ದು ಬೀಗಕ್ಕೂ ಮೊದಲಿನ, ಮಣ್ಣಿನ ಬಟ್ಟಲಿನ ಬೂದಿ. ಎಣ್ಣೆ ಪಸೆಯ ಬೂದಿಯಿಂದ ಮೂರು ಹಾಸು, ಏಳು ಸಾವಿರದ ಇನ್ನೂರು ಎಳೆ. ಬೆರಳಿನ ತುದಿ ಇಷ್ಟು ಸವೆಯದಿದ್ದರೆ ಮೊದಲನೇ ದಿನವೇ ಗೊತ್ತಾಗುತ್ತಿತ್ತೇನೋ. ಅಕ್ಕನಿಗೆ ನಾಚಿಕೆಯಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಭಯ. ಸುಮ್ಮನಿದ್ದುಬಿಟ್ಟರೆ ಗೊತ್ತಿರುವವರು ಮೂರೇ ಜನ. ಗಂಡ ಬಾಯಿ ಬಿಡುವುದಿಲ್ಲ. ಅಕ್ಕ ತಿರುಗಿ ಪತ್ರಿಕೆಯವರನ್ನು ಅಳೆಯುವ ಹಾಗೆ ನೋಡುತ್ತಾರೆ. "ಇದನ್ನೂ ಬರ್ಕೊಂಡ್ರಾ?" ಬರೆದುಕೊಂಡಿಲ್ಲ ಎಂದರೂ ನೋಟ್‌ಪುಸ್ತಕ ಇಸಿದುಕೊಂಡು ನೋಡುತ್ತಾರೆ.

ಭಾನುವಾರ ಅವರು ಮನೆಯಿಂದ ಹೊರಗೆ ಬರುವುದಿಲ್ಲ.

ಸೋಮವಾರದ ಸಭೆಗೆ ಅಂಗಳ ತುಂಬಿದೆ. ಕನ್ನಡಕದವಳು ತುದಿಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಾಳೆ; ಪಕ್ಕದಲ್ಲಿ ಇಬ್ಬರಿಗಾಗುವಷ್ಟು ಜಾಗವಿದ್ದರೂ ಯಾರೂ ಕೂತಿಲ್ಲ. ಹೊರಡಲು ತಯಾರಾಗಿ ಬಂದವಳಂತೆ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾಳೆ. ಕಾರ್ಯದರ್ಶಿ ಗಂಟಲು ಸರಿ ಮಾಡಿಕೊಂಡು, "ಅಕ್ಕ, ನಿಮ್ಮ ದೂರು ಹೇಳಿ," ಎನ್ನುತ್ತಾರೆ.

ಬೂದಿಯಕ್ಕ ಎದ್ದು ನಿಲ್ಲುತ್ತಾರೆ. ಆ ಬೆಂಚನ್ನು, ಆ ಬುಟ್ಟಿಯನ್ನು ನೋಡುತ್ತಾರೆ.

"ಅವಳು ನನ್ನ ಬೂದಿ ಕದ್ದಳು. ಅದು ನಿಜ. ಹಾಸು ಜಾರಿದ್ದು ನನ್ನಿಂದ. ಎಣ್ಣೆ ಪೆಟ್ಟಿಗೇಲಿ ಬೂದಿ ಇಟ್ಟಿದ್ದು ನಾನು, ಬೀಗ ಹಾಕಿದ್ದೂ ನಾನು. ಅವಳು ಒಂದು ಎಳೇನೂ ಮುಟ್ಟಿಲ್ಲ."

ಅಂಗಳದಲ್ಲಿ ಪಿಸುಮಾತು ಏಳುತ್ತದೆ. ಕನ್ನಡಕದವಳು ಎದ್ದು ನಿಂತು, "ಅಕ್ಕ, ನಂದೂ ತಪ್ಪಿದೆ. ಕೇಳಿದ್ರೆ ನೀವು ಕೊಡ್ತಿರ್ಲಿಲ್ಲ ಅಂತ..." ಎಂದು ಶುರು ಮಾಡುತ್ತಾಳೆ.

"ಕೂತ್ಕೋ. ನನ್ನ ಮಾತು ಇನ್ನೂ ಮುಗಿದಿಲ್ಲ. ಕೊಡ್ತಿರ್ಲಿಲ್ಲ, ಅದೂ ನಿಜ."

ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಇಷ್ಟು ವರ್ಷ ದುಡಿದವರು, ಬೆರಳಿನ ತಪ್ಪಲ್ಲ, ಪೆಟ್ಟಿಗೆಯ ತಪ್ಪು, ಈ ಸಲ ನಿಯಮ ಸಡಿಲ ಮಾಡೋಣ ಎನ್ನುತ್ತಾರೆ. ಸುಮಾರು ಜನ ತಲೆಯಾಡಿಸುತ್ತಾರೆ. ಅಕ್ಕ ಒಬ್ಬೊಬ್ಬರ ಮುಖವನ್ನೂ ಓದುತ್ತಾರೆ. "ಇವತ್ತು ಸಡಿಲ ಮಾಡ್ತೀರಿ, ನಾಳೆ ಅದನ್ನೇ ಎತ್ತಿ ಆಡ್ತೀರಿ. ನಂಗೊತ್ತಿಲ್ವಾ ನಿಮ್ಮನ್ನ. ಒಂದು ವರ್ಷ ಅಂದ್ರೆ ಒಂದು ವರ್ಷ," ಎಂದು ಹೇಳಿ, ಅಲ್ಲಿಂದ ನೇರವಾಗಿ ನೂಲು ಸುತ್ತುವ ಕೋಣೆಗೆ ನಡೆಯುತ್ತಾರೆ. ಹಲಗೆಯ ಕಡೆ ತಿರುಗಿ ನೋಡುವುದಿಲ್ಲ. ಕೋಣೆಯೊಳಗೆ ಹೋದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ನೂಲಿನ ಧೂಳು ಎನ್ನುತ್ತಾರೆ.

ಮೂರು ವಾರದ ಮೇಲೆ ಪತ್ರಿಕೆಯವರು ಮತ್ತೆ ಹೋದಾಗ ಬೂದಿಯಕ್ಕ ರಾಟೆಯ ಮುಂದೆ ಕೂತಿದ್ದಾರೆ. ದಿನಕ್ಕೆ ನಲವತ್ತು ಲಡಿ ನೂಲು. ರಾಟೆ ಸದ್ದು ಮಾಡುವುದು ಸಹಜವೋ, ಯಾರಾದರೂ ಏನಾದರೂ ಮಾಡಿಟ್ಟಿದ್ದಾರೋ ಎಂಬ ವಿಚಾರಣೆ ನಡೆದಿದೆ. ಆಚೆ ಕಾರ್ಯದರ್ಶಿಯ ಮಗ್ಗಕ್ಕೆ ಹೊಸ ಹಾಸು ಏರಿದೆ. ಕೆಚ್ಚಿದವಳು ಕನ್ನಡಕದವಳು, ಒಬ್ಬಳೇ, ಹಿಂದೆ ಯಾರೂ ಕೂತು ಸರಿ ಮಾಡದೆ.

ಊಟದ ಬಿಡುವಿನಲ್ಲಿ ಎಲ್ಲರೂ ಅಂಗಳಕ್ಕೆ ಹೋದ ಮೇಲೆ ಅಕ್ಕ ಮೆಲ್ಲಗೆ ಎದ್ದು ಆ ಮಗ್ಗದ ಬಳಿ ಹೋಗುತ್ತಾರೆ. ಹೊಸೆದ ಎಳೆಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿ ನೋಡುತ್ತಾರೆ. ಅಂಚಿನಲ್ಲಿ ಐವತ್ತು, ನಡುವೆ ನೂರು, ಮತ್ತೊಂದು ಅಂಚಿನಲ್ಲಿ ಇನ್ನೂರು. "ಎಲ್ಲೋ ಒಂದು ಜಾರಿರ್ಲೇಬೇಕು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಎಡ ಅಂಚಿಗೆ ಹಿಂದಿರುಗಿ, ಬಗ್ಗಿ, ಮೊದಲಿನಿಂದ ಶುರು ಮಾಡುತ್ತಾರೆ. ಬಿಡುವು ಮುಗಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡು ನೆಟ್ಟಗಾಗುತ್ತಾರೆ. ಒಂದೂ ಸಿಕ್ಕಿಲ್ಲ.

ಪೇಪರಿನಲ್ಲಿ ಏನು ಬರೆಯಲಿ, ಇವಳನ್ನು ತಯಾರು ಮಾಡಿದವರು ನೀವೇ ಎಂದು ಬರೆಯಲೇ ಎಂದು ಪತ್ರಿಕೆಯವರು ಕೇಳುತ್ತಾರೆ.

"ಸುಳ್ಳು ಬರೀಬೇಡಿ. ನಾನು ಒಂದು ದಿನಾನೂ ಕಲಿಸಿಲ್ಲ. ಪಕ್ಕದಲ್ಲಿ ಕೂತು ನನ್ನ ಬೆರಳು ನೋಡಿ ನೋಡಿ ಕದ್ದು ಕಲ್ತಿದ್ದಾಳೆ," ಎನ್ನುತ್ತಾರೆ ಬೂದಿಯಕ್ಕ. ಆಮೇಲೆ ನೋಟ್‌ಪುಸ್ತಕದ ಮೇಲೆ ಬಗ್ಗಿ, ಅಕ್ಷರ ಅಕ್ಷರ ನೋಡುತ್ತಾ, "ಕದ್ದಿದ್ದು ಯಾರಿಂದ ಅನ್ನೋದನ್ನ ಮಾತ್ರ ಸರಿಯಾಗಿ ಬರೀರಿ," ಎನ್ನುತ್ತಾರೆ.