ಬಾಟಲಿ ಬದಲಿಸಿದ ಯವ್ವ

ಓದು ಬರಹ ಇಲ್ಲದ ಹೆಂಗಸರು ತಿಳಿಯದೆ ಔಷಧದ ಬಾಟಲಿ ಅದಲು ಬದಲು ಮಾಡಿಕೊಂಡರು. ಹೋದ ವರ್ಷದ ಆ ಘಟನೆಯನ್ನು ನಮ್ಮ ಗಬ್ಬೂರಿನಲ್ಲಿ ಇಂದಿಗೂ ಹೀಗೆಯೇ ಹೇಳುತ್ತಾರೆ. ಶುದ್ಧ ಸುಳ್ಳು. ನಾನು ಅಲ್ಲೇ ಇದ್ದೆ.

ನನ್ನ ಹೆತ್ತ ಯವ್ವನ ಹಣೆಗೆ ಸರ್ಪಸುತ್ತು ಎದ್ದಾಗ ಮನೆಯವರು ಕೆಮ್ಮಣ್ಣು ಹಚ್ಚಿ ಸುಮ್ಮನಾದರು. ಗುಳ್ಳೆ ಒಣಗಿದವು, ಆದರೆ ಎಡಗಣ್ಣಿನ ನರ ಸತ್ತಿತ್ತು. ಆ ಕಣ್ಣಿಗೆ ತೊಗರಿ ಹೊಟ್ಟು ಬಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. "ನೋವಿಲ್ಲಲ್ಲ, ಏನಾಗ್ತದ?" ಎನ್ನುತ್ತಿದ್ದಳು. ನೋವಿಲ್ಲದ್ದೇ ರೋಗ, ಕಾರ್ನಿಯಾದ, ಅಂದರೆ ಕಣ್ಣಿನ ಮುಂಪದರದ ಮೇಲೆ ಗಾಯವಾಗಿದೆ, ಬಿಟ್ಟರೆ ತೂತು ಬೀಳುತ್ತದೆ ಎಂದರು ರಾಯಚೂರಿನ ಡಾಕ್ಟರು.

ಅವರಲ್ಲಿ ಹೊಸ ಕಣ್ಣಿನ ಹನಿಯ ಪರೀಕ್ಷೆ ನಡೆದಿತ್ತು. ಕೆಲವರಿಗೆ ಔಷಧ, ಕೆಲವರಿಗೆ ಬರೀ ನೀರಿನಂಥ ಹನಿ. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು. ಹಾಗೆ ಮಾಡದಿದ್ದರೆ ಔಷಧದ ಗುಣ ಸಾಬೀತಾಗದೆಂದು ವಾದಿಸಿ ಯವ್ವನನ್ನು ಒಪ್ಪಿಸಿದವಳು, ಚರ್ಚಾಸ್ಪರ್ಧೆಯಲ್ಲಿ ಪಳಗಿದ ನಾನೇ.

ಅಲ್ಲಿ ಹಿರೇಕೊಟ್ನೆಕಲ್‌ನ ಯಂಕಮ್ಮ ಪರಿಚಯವಾದಳು. ಅದೇ ರೋಗ, ಅದೇ ಪರೀಕ್ಷೆ. ವಾರವಾರ ತಪಾಸಣೆಯಲ್ಲಿ ಯವ್ವನ ಗಾಯ ಕುಗ್ಗುತ್ತ ಬಂತು, ಯಂಕಮ್ಮನದು ಹಾಗೇ ಇತ್ತು.

ಒಂದು ದಿನ ಡಾಕ್ಟರು, "ಹನಿ ತಪ್ಪದೆ ಹಾಕ್ತಿದ್ದೀರಾ ಅಮ್ಮಾ?" ಎಂದರು.

"ಹಾಕ್ತೀವ್ರೀ. ಈಗ ನಂದು ಅಕಿ ಹಾಕ್ಕೊಳ್ಳಾಕತ್ತಾಳ, ಅಕಿದು ನಾನು," ಎಂದಳು ಯವ್ವ.

ಯಂಕಮ್ಮ ತಿವಿದಳು. "ಯಕ್ಕಾ, ಹೇಳಬ್ಯಾಡ ಅಂದಿದ್ನೆಲ್ಲ!"

"ಕಳವು ಮಾಡೀನೇನು, ಮುಚ್ಚಾಕ?"

ಡಾಕ್ಟರು ಕೆಂಡವಾದರು. "ಪರೀಕ್ಷೆನೇ ಕೆಡಿಸಿದ್ರಲ್ಲಾ! ಸೋಂಕು ತಗುಲಿದ್ರೆ? ನಿಮ್ಮದರಲ್ಲೇ ಔಷಧ ಇತ್ತು ಅಂತ ಯಾರು ಹೇಳಿದ್ರು?"

"ನನ್ನ ಗಾಯ ಮಾಯಾಕತ್ತಿತ್ತು, ಅಕಿದು ಇಲ್ಲ. ಅಷ್ಟೂ ತಿಳಿಯಂಗಿಲ್ಲೇನ್ರೀ?"

ನಾನು ಬಾಯಿ ಹಾಕಿದೆ. "ಸರ್, ಗಾಯ ಕುಗ್ಗದವರಿಗೆ ಬೇರೆ ಚಿಕಿತ್ಸೆ ಯಾವಾಗ?"

"ನೀ ಸುಮ್ನಿರಬೇ, ಇದು ನಿನ್ನ ಕಾಲೇಜಲ್ಲ," ಎಂದಳು ಯವ್ವ.

ಇಬ್ಬರನ್ನೂ ಪರೀಕ್ಷೆಯಿಂದ ಕೈಬಿಟ್ಟು ಎಲ್ಲರಿಗೂ ಕೊಡುವ ಮಾಮೂಲಿ ಚಿಕಿತ್ಸೆ ಕೊಟ್ಟರು. ಈಗ ಇಬ್ಬರಿಗೂ ಆ ಕಣ್ಣು ಮಂಜು ಮಂಜು. ಡಾಕ್ಟರು ಹೇಳಿದ ಸೋಂಕಿನ ಭಯ ನಿಜ. ಪರೀಕ್ಷೆಗೆ ನಿಯಮ ಬೇಕೆಂದು ಇವತ್ತೂ ವಾದಿಸುತ್ತೇನೆ. ಆದರೆ ಯವ್ವ ತಿಳಿಯದೆ ಮಾಡಿದಳೆಂದರೆ ಯಾರನ್ನೂ ಬಿಡುವುದಿಲ್ಲ. ತನ್ನ ಕಣ್ಣು ಹೋಗಬಹುದೆಂದು ಗೊತ್ತಿದ್ದೇ ಕೊಟ್ಟಳು.

ಅಂದು ಬಾಟಲಿಯನ್ನು ಮೇಜಿನ ಮೇಲಿಟ್ಟು ಅವಳು ಡಾಕ್ಟರಿಗೆ ಒಂದು ಮಾತು ಕೇಳಿದ್ದಳು. ಅದಕ್ಕೆ ಅವರು ಈಗಲಾದರೂ ಉತ್ತರ ಹೇಳಲಿ:

"ನನ್ನ ಕಣ್ಣು ಉಳಿಯಾಕತ್ತದ, ಬಾಜೂಕ ಕುಂತಾಕಿದು ಹೊಂಟದ. ನೀವಾಗಿದ್ರ ಬಾಟಲಿ ಸೀರಿ ಉಡ್ಯಾಗ ಇಟ್ಕೊಂಡು ಸುಮ್ನ ಬಸ್ ಹತ್ತತಿದ್ರೇನ್ರೀ?"