ಊರುಗೋಲಿನ ಹಿಡಿಗೆ ಕೂತ ಹೊಳಪು

ನನ್ನ ಮೊಮ್ಮಗಳ ಪೆನ್ನಿಗೆ ಹೊಳಪು ಕೂತಿತು! ಈ ಸಲ ಬಿಳಿಚಿಕೊಳ್ಳಲಿಲ್ಲ, ಸಿಪ್ಪೆಯ ಹಾಗೆ ಎದ್ದು ಬರಲಿಲ್ಲ. ಉಗುರಿನಲ್ಲಿ ಕೆರೆದು ನೋಡಿದೆ. ಹಲ್ಲಿನಲ್ಲೂ ಕಚ್ಚಿ ನೋಡೋಣವೆಂದು ಹೋದರೆ ಅವಳು ಕೈಯಿಂದ ಕಿತ್ತುಕೊಂಡಳು. ಗಾಜಿನ ಹಾಗಿದೆ. ಕಿಟಕಿಗೆ ಹಿಡಿದರೆ ಸರಳುಗಳೆಲ್ಲ ಅದರ ಮೈಮೇಲೆ ಕಾಣುತ್ತವೆ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ. ತರಕಾರಿ ಗಾಡಿಯವನು, "ಪೆನ್ನು ತಾನೇ ಅಜ್ಜಿ, ಅದ್ಕೇನಿಂಗೆ ಕುಣೀತಿದ್ದೀಯ?" ಅಂದ. ಪೆನ್ನೇ ಕಣಪ್ಪಾ. ಆದರೆ ಅದು ನನ್ನ ಮಗನ ಊರುಗೋಲು.

ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು. ಬರೆದದ್ದು ಅಂಕುಡೊಂಕಾದರೆ ಆಗಲಿ, ಇದನ್ನು ಹೇಳದೆ ಇರಲಾರೆ.

ಮಗನಿಗೆ ಅಂಬೆಗಾಲಿಡುವ ವಯಸ್ಸಿನಲ್ಲೇ ಪೋಲಿಯೋ ಆಗಿ ಎಡಗಾಲು ಸೊರಗಿಹೋಗಿತ್ತು. ದೊಡ್ಡವನಾದ ಮೇಲೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ವಾಚ್ ರಿಪೇರಿಗೆ ಕೂತ. ಕಂಕುಳಿಗೆ ಕೊಟ್ಟು ನಡೆಯುವ ಮರದ ಊರುಗೋಲು. ಅದರ ನಡುವೆ ಕೈಯೂರಲು ದುಂಡನೆಯ ಒಂದು ಹಿಡಿ. ಅಂಗೈಯಲ್ಲಿ ಬೊಬ್ಬೆ ಏಳದಿರಲಿ ಎಂದು ಬೆಳಗ್ಗೆ ತಲೆಗೆ ಹಚ್ಚಿ ಉಳಿದ ಕೊಬ್ಬರಿ ಎಣ್ಣೆಯನ್ನು ಆ ಹಿಡಿಗೆ ಸವರುತ್ತಿದ್ದ. "ಅಂಗೇ ಅದ್ಕೂ ಒಂದು ಬೈತಲೆ ತಗ್ದ್‌ಬುಡು ಮಗ" ಎಂದು ಅವರಪ್ಪ ರೇಗಿಸುತ್ತಿದ್ದರು. ಎಣ್ಣೆ, ಬೆವರು, ಬಿಸಿಲು ಎಲ್ಲ ಕುಡಿದು ಹಿಡಿ ಕಪ್ಪಗಾಗಿತ್ತು. ಹೆಬ್ಬೆರಳು ಊರುವ ಕಡೆ ಒಂದು ತಗ್ಗು ಬಿದ್ದಿತ್ತು.

ಅವನು ಜ್ವರದಲ್ಲಿ ಹೋಗಿಬಿಟ್ಟ. ಮೂರೇ ದಿನ. ಊರುಗೋಲು ಬಾಗಿಲ ಹಿಂದೆಯೇ ಉಳಿಯಿತು. ಅದನ್ನು ಯಾರೂ ಮುಟ್ಟಬಾರದೆಂದು ಹಟ ಮಾಡಿದವಳು ನಾನು. ಈ ಮಳೆಗಾಲದಲ್ಲಿ ಕಸ ಗುಡಿಸುವಾಗ ಸರಿಸಿದರೆ ಕೋಲು ಪುಡಿಪುಡಿಯಾಗಿ ಮಣ್ಣಿನ ಹಾಗೆ ಸುರಿಯಿತು. ಒಳಗೆಲ್ಲ ಗೆದ್ದಲು. ಎಣ್ಣೆ ಕುಡಿದ ಹಿಡಿಯೊಂದನ್ನು ಮಾತ್ರ ಹುಳ ಮುಟ್ಟಿರಲಿಲ್ಲ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಮೂಗಿಗಿಟ್ಟರೆ ಅವನೇ ಪಕ್ಕದಲ್ಲಿ ಬಂದು ಕೂತ ಹಾಗೆ ವಾಸನೆ.

ಅವನಿಗೊಬ್ಬಳೇ ಮಗಳು. ನಂಜನಗೂಡಿನಲ್ಲಿ ಮರದ ಪೆನ್ನು ಮಾಡುವ ಒಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಾಳೆ. ಲೇತಿನಲ್ಲಿ ಮರ ತಿರುಗಿಸಿ ಕಡೆಯುವುದು ಅವಳಿಗೆ ಬರುತ್ತದೆ. "ಅಜ್ಜಿ, ಅದ್ರಲ್ಲಿ ಅಪ್ಪನ್ದೊಂದು ಪೆನ್ನು ಮಾಡ್ಕತೀನಿ. ಮಾರಕ್ಕಲ್ಲ, ನಂಗೆ" ಅಂದಳು. ಅವಳ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ನಾನೂ ಅವಳ ಜೊತೆ ನಂಜನಗೂಡಿನ ಬಸ್ಸು ಹತ್ತಿದೆ.

ಹಿಡಿಯ ನಡುವೆ ತೂತು ಕೊರೆದು ಹಿತ್ತಾಳೆ ಕೊಳವೆ ಕೂರಿಸಿ, ಲೇತಿಗೆ ಹಾಕಿ ಉಳಿ ಹಿಡಿದಳು. ಕಪ್ಪು ಸಿಪ್ಪೆ ಸುರುಳಿ ಸುರುಳಿಯಾಗಿ ಉದುರಿತು; ಒಳಗಿನ ಮರವೂ ಎಣ್ಣೆ ಕುಡಿದು ಕಪ್ಪಗೇ ಇತ್ತು. ಹೆಬ್ಬೆರಳಿನ ತಗ್ಗು ನನ್ನ ಕಣ್ಣೆದುರೇ ಸವೆದು ಹೋಯಿತು. ವಾಸನೆಯಾದರೂ ಒಳಗಿದೆಯಲ್ಲ ಎಂದುಕೊಂಡೆ.

ಆಮೇಲೆ ಹೊಳಪು. ಬೆರಳು ಅಂಟಿಕೊಳ್ಳುವ ಸೂಪರ್ ಗ್ಲೂ ಇದೆಯಲ್ಲ, ಅದನ್ನೇ ಕಾಗದದ ಚೂರಿಗೆ ಹನಿಸಿ, ತಿರುಗುವ ಮರದ ಮೇಲೆ ತೆಳ್ಳಗೆ ಸವರುತ್ತಾಳೆ. ಒಣಗಿದ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಕಡೆಗೆ ನುಣ್ಣನೆಯ ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿ, ಪಾಲಿಶ್ ಹಾಕಿದರೆ ಕೈಬೆವರಿಗೂ ಜಗ್ಗದೆ ವರ್ಷಗಟ್ಟಲೆ ಹೊಳೆಯುತ್ತದಂತೆ. ಹೊಳೆಯಿತು. ಆದರೆ ಮಾರನೇ ದಿನಕ್ಕೆ ಅಲ್ಲಲ್ಲಿ ಬಿಳಿ ಮಚ್ಚೆ ಎದ್ದು, ಸುಟ್ಟ ಚರ್ಮದ ಹಾಗೆ ಸುಲಿದು ಬಂತು. ಉಜ್ಜಿ ತೆಗೆದು ಮತ್ತೆ ಹಾಕಿದಳು. ಮತ್ತೆ ಸುಲಿಯಿತು. ಉಜ್ಜಿ ಉಜ್ಜಿ ಮರ ತೆಳ್ಳಗಾಗುತ್ತಿತ್ತು. ಇನ್ನೊಂದು ಸಲ ಕೆಟ್ಟರೆ ಒಳಗಿನ ಕೊಳವೆಯೇ ಕಾಣುತ್ತದೆಂದು ಹಾಗೇ ಮನೆಗೆ ತಂದಳು.

"ಅಜ್ಜಿ, ಮರ ಎಣ್ಣೆ ಕುಡ್ದದೆ. ಅಂಟು ಇಡೀತಿಲ್ಲ. ಥಿನ್ನರ್ ಹಾಕಿ ಎಣ್ಣೆನೆಲ್ಲ ಒರೆಸಿ ತೆಗೀಬೇಕು."

"ತೆಗುದ್ರೆ ವಾಸ್ನೆ?"

ಅವಳು ತಲೆ ತಗ್ಗಿಸಿದಳು. "ಓಯ್ತದೆ ಅಜ್ಜಿ."

ನನಗೆ ಎಲ್ಲಿತ್ತೋ ಸಿಟ್ಟು. "ನನ್ ಮಗುನ್ನ ಥಿನ್ನರ್ ಹಾಕಿ ತೊಳೀತೀಯೇನೇ? ಕೊಡಿಲ್ಲಿ!" ಎಂದು ಕಿತ್ತುಕೊಂಡೆ. ಯಜಮಾನರು, "ಮಡಿಕ್ಕೊ, ಇದ್ನೂ ಬಾಗ್ಲಿಂದೆ ಮಡಗು. ಗೆದ್ದಲು ಕಾಯ್ಕಂಡು ಕೂತದೆ" ಅಂದರು. ಅವರಿಗೂ ನಾಲ್ಕು ಮಾತು ಬಿತ್ತು. ಮೊಮ್ಮಗಳು ಗೋಡೆ ಕಡೆ ತಿರುಗಿ ಅಳುತ್ತಿದ್ದಳು. ಅಪ್ಪನದು ಅಂತ ಅವಳಿಗೂ ಬೇರೇನಿತ್ತು?

ಸೊಸೆ ಒಳಗಿನಿಂದ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಗಂಡ ಹೋದ ಮೇಲೆ ಮಾತೇ ಕಮ್ಮಿ ಮಾಡಿದವಳು. "ಅತ್ತೆ, ಅವ್ರು ಅಂಗ್ಡಿಯಿಂದ ಬಂದೇಟ್ಗೆ ಏನ್ಮಾಡ್ತಿದ್ರು, ಗ್ಯಾಪ್ಕ ಅದಾ? ಕೂಸು ಓಡ್ಬಂದ್ರೂ ಎತ್ಕತಿರ್ನಿಲ್ಲ. 'ತಡಿ ಮಗ, ಕೈಯೆಲ್ಲ ಎಣ್ಣೆ' ಅನ್ನೋರು. ಪಂಚೆಗೆ ಕೈ ಒರೆಸ್ಕಂಡೇ ಎತ್ಕಳೋರು."

ಹೌದು, ಹಾಗೇ ಮಾಡುತ್ತಿದ್ದ. ಪಂಚೆಯ ಅಂಚು ಯಾವಾಗಲೂ ಜಿಡ್ಡು. ಒಗೆಯುವವಳು ನಾನೇ, ಬೈಯುವವಳೂ ನಾನೇ. ಎಷ್ಟೋ ಹೊತ್ತು ಅಳುತ್ತಾ ಕೂತೆ. ಆಮೇಲೆ ಮೊಮ್ಮಗಳಿಗೆ, "ನಾನೂ ಬತ್ತೀನಿ. ನಾನೇ ಒರೆಸ್ತೀನಿ" ಅಂದೆ.

ನಿನ್ನೆ ಶೆಡ್ಡಿನಲ್ಲಿ ಕೈಗೆ ರಬ್ಬರ್ ಗವಸು ಹಾಕಿಸಿ ಬಿಳಿ ಬಟ್ಟೆ ಕೊಟ್ಟಳು. ಥಿನ್ನರಿನ ಘಾಟಿಗೆ ಕಣ್ಣು ಉರಿಯಿತು. ಬಟ್ಟೆ ಮೊದಲು ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಹಳದಿ, ಆಮೇಲೆ ಏನೂ ಇಲ್ಲ. ಚಿಕ್ಕವನಿದ್ದಾಗ ಅವನ ಕಾಲಿಗೆ ಎಣ್ಣೆ ನೀವುತ್ತಿದ್ದೆ. ಈಗ ಅದೇ ಕೈಯಲ್ಲಿ ಅವನ ಎಣ್ಣೆ ತೆಗೆಯುತ್ತಿದ್ದೇನೆ. ಮರ ಮೂಗಿಗಿಟ್ಟೆ. ಘಾಟು ಬಿಟ್ಟರೆ ಬೇರೇನೂ ಇರಲಿಲ್ಲ. "ಸಾಕಾ ಕೂಸು?" ಅಂದೆ. "ಸಾಕು ಅಜ್ಜಿ" ಅಂದಳು. ಥಿನ್ನರ್ ಆರುವವರೆಗೆ ಕಾದು ಅಂಟಿನ ಪದರ ಹಾಕಲು ಶುರು ಮಾಡಿದಳು. ನಾನು ಸಂಜೆಯ ಬಸ್ಸಿಗೆ ಬಂದುಬಿಟ್ಟೆ. ನಿದ್ದೆ ಎಲ್ಲಿ ಬರಬೇಕು?

ಈವತ್ತು ಮಧ್ಯಾಹ್ನ ಅವಳು ಬಂದಳು. ನಗು ಬೀದಿಯ ತುದಿಯಿಂದಲೇ ಕಾಣುತ್ತಿತ್ತು. ಕೈಗೆ ಕೊಟ್ಟ ಪೆನ್ನಿನಲ್ಲಿ, ನಾನು ಅಷ್ಟು ವರ್ಷ ಕಪ್ಪೆಂದು ತಿಳಿದಿದ್ದ ಮರದೊಳಗೆ ಜೇನಿನ ಬಣ್ಣದ ಗೆರೆಗಳು! ಅವನಿಗೂ ಗೊತ್ತಿರಲಿಲ್ಲ, ಪಾಪ. ನೋಡದೆಯೇ ಹೋದ.

ಸಂಜೆ ಸೊಸೆ ಹುರುಳಿಕಾಳಿನ ಸಾರು, ಮುದ್ದೆ ಮಾಡಿದಳು. ಅವನು ಹೋದಾಗಿನಿಂದ ನಾವು ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ಉಂಡು ಏಳುತ್ತಿದ್ದೆವು. ಒಬ್ಬರ ಎದುರು ಒಬ್ಬರಿಗೆ ತುತ್ತು ಇಳಿಯುತ್ತಿರಲಿಲ್ಲ. ಈವತ್ತು ಯಾರೂ ಕರೆಯದೆಯೇ ನಾಲ್ವರೂ ಬಂದು ಸಾಲಾಗಿ ಕೂತೆವು. "ಸಾರು ಬುಡವ್ವ ವಸಿ, ಮುದ್ದೆ ಒಣಗೋಯ್ತು" ಎಂದು ಯಜಮಾನರು ತಟ್ಟೆ ಮುಂದೆ ತಳ್ಳಿದರು. ಮೊಮ್ಮಗಳು ಅದಕ್ಕೂ ನಕ್ಕಳು. ಸೊಸೆಯ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಅವಳು ಉಣ್ಣುತ್ತಲೂ ಇದ್ದಳು. ನಾನೂ ತುತ್ತು ಮುರಿದು ಸಾರಿನಲ್ಲಿ ಅದ್ದಿದೆ.