ಬೇಣದ ರೇಸಿನಲ್ಲಿ ಸೋತ ಡ್ರೈವರು

ಬ್ರೇಕು ತುಳಿದೂ ತುಳಿದೂ ಅವನ ಬಲಗಾಲಿನ ಹೆಬ್ಬೆರಳು ಹೊರಕ್ಕೆ ತಿರುಗಿಕೊಂಡಿತ್ತು. ಭಟ್ಕಳದಿಂದ, ದೋಣಿಯಲ್ಲಿ ಶರಾವತಿ ದಾಟುವ ತಾರಿಯವರೆಗೆ ಓಡುತ್ತಿದ್ದ ಬಸ್ಸಿಗೆ ಅವನು ಡ್ರೈವರು, ನಾನು ಕಂಡಕ್ಟರು. ದಾರಿಯಲ್ಲಿ ಯಾರು ಕೈ ಎತ್ತಿದರೂ ಆ ಕಾಲು ಬ್ರೇಕಿನ ಮೇಲೆ. ಬೆವರು ಒರೆಸಿಕೊಳ್ಳಲು ಕೈ ಎತ್ತಿದವನಿಗೂ ನಿಲ್ಲಿಸುತ್ತಿದ್ದ. ಇಂಥ ದಡ್ಡನ ಜೊತೆ ದಿನಾ ತಡವಾಗಿ ತಾರಿ ಮುಟ್ಟುವುದು ನನ್ನ ಹಣೆಬರಹ ಎಂದು ಶಪಿಸಿಕೊಳ್ಳುತ್ತಿದ್ದೆ.

ಅರವತ್ತರ ದಶಕದ ಮೊದಲಲ್ಲಿ ಮಂಕಿ ಊರಿನ ಮೇಲಿನ ಬೇಣದಲ್ಲಿ ಮೋಟಾರು ರೇಸು ಶುರುವಾಯಿತು. ದನ ಮೇಯುವ ಕಲ್ಲುನೆಲಕ್ಕೆ ಸುಣ್ಣದ ಗೆರೆ ಎಳೆದು, ನಾಲ್ಕು ಡ್ರಮ್ಮು ನಿಲ್ಲಿಸಿ, ಅದಕ್ಕೆ ಸರ್ಕ್ಯೂಟು ಎಂದು ಹೆಸರಿಟ್ಟರು. ಕಪ್ಪು ಕನ್ನಡಕದ ಶ್ರೀಮಂತರು ಮುಂಬೈಯಿಂದ ಕಾರು ತಂದರು. ಸುತ್ತಿ ಸುತ್ತಿ ಹೊರಟಲ್ಲಿಗೇ ಬರುವುದಕ್ಕೆ ಎಷ್ಟು ಜಂಬ ಆ ಮುಖಗಳಲ್ಲಿ.

ಎರಡನೆಯ ವರ್ಷ ಊರ ಬಸ್ಸುಗಳಿಗೂ ಒಂದು ಓಟ ಇಟ್ಟರು. ನಮ್ಮ ಮಾಲೀಕರಿಗೆ ಪ್ರತಿಷ್ಠೆ ಕೆರಳಿತು.

"ಸೋತ್ರೆ ನಾಳೆಯಿಂದ ನನ್ನ ಬಸ್ಸು ಮುಟ್ಟೂದು ಬೇಡ" ಎಂದರು. ಅವನಿಗೆ ಗೊತ್ತಿದ್ದ ಕೆಲಸ ಅದೊಂದೇ.

ಕೊನೆಯ ಸುತ್ತಿನವರೆಗೂ ನಾವೇ ಮುಂದೆ. ಕೊನೆಯ ತಿರುವಿನಲ್ಲಿ ಸೊಪ್ಪಿನ ಹೊರೆ ಹೊತ್ತ ಮುದುಕಿಯೊಬ್ಬಳು ಕೈ ಎತ್ತಿದಳು. ಬಸ್ಸು ನಿಂತಿತು.

"ತಾರಿಗೆ ಹೋಗ್ತದ್ಯನಾ?" ಎಂದಳು. ಹಿಂದಿನ ಬಸ್ಸು ಧೂಳೆಬ್ಬಿಸಿ ದಾಟಿಹೋಯಿತು.

"ಎಂತ ಮಾಡ್ದೆ ಮಾರಾಯಾ? ನಿನ್ನ ಅನ್ನ ಹೋತು" ಎಂದೆ.

"ಕೈ ಮಾಡ್ತಲ್ಲ ಅದು" ಎಂದ. "ನಿಲ್ಸದೆ ಹ್ಯಾಂಗೆ ಹೋಗೂದು?"

ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮರುದಿನದಿಂದ ಅವನು ತನ್ನೂರು ಮುಟ್ಟಳ್ಳಿಯಲ್ಲಿ ಯಾರದೋ ಗದ್ದೆಗೆ ಕೂಲಿ ಹೋದ. ನಮ್ಮ ಬಸ್ಸಿಗೆ ಬಂದ ಹೊಸ ಡ್ರೈವರು ಹೊತ್ತಿಗೆ ಸರಿಯಾಗಿ ತಾರಿ ಮುಟ್ಟಿಸುತ್ತಿದ್ದ. ನನಗೆ ಖುಷಿಯೇ ಆಗಿತ್ತು.

ಮುಂದಿನ ವರ್ಷ ಅದೇ ತಿರುವಿನಲ್ಲಿ, ದನ ದಾಟಿಸುತ್ತಿದ್ದವನೊಬ್ಬ ಕೈ ಎತ್ತಿದ. ಮುಂಬೈ ಕಾರು ನಿಲ್ಲಲಿಲ್ಲ. ಅವನ ಕಾಲು ಜಜ್ಜಿಹೋಯಿತು. "ರೇಸಿನ ದಾರಿಯಲ್ಲಿ ದನದವನಿಗೆ ಏನು ಕೆಲಸ?" ಎಂದು ಗದರಿದ ಆ ದೊಡ್ಡ ಮನುಷ್ಯರು ಸಂಜೆಯೊಳಗೆ ಕಾರು ಹತ್ತಿ ಓಡಿದರು, ಮತ್ತೆ ಬರಲಿಲ್ಲ. ಥೂ, ಅವರ ಸರ್ಕ್ಯೂಟಿನ ಚರಿತ್ರೆ ಅಷ್ಟೇ. ಬೇಣ ಮತ್ತೆ ದನಗಳಿಗಾಯಿತು.

ನಾಲ್ಕೈದು ವರ್ಷದ ಮೇಲೆ, ನಾನು ಕೆಲಸ ಬಿಟ್ಟು ಮನೆಯಲ್ಲಿದ್ದಾಗ, ನನ್ನ ಆ ಹಳೆಯ ಡ್ರೈವರು ಸತ್ತ ಸುದ್ದಿ ಬಂತು. ರಸ್ತೆಗೆ ಓಡಿ ಕೈ ಎತ್ತಿದೆ. ಎರಡು ಬಸ್ಸು ನಿಲ್ಲದೆ ಹೋದವು. ಮೂರನೆಯದರ ಬಾಗಿಲಲ್ಲಿ ನಾನೇ ಕೆಲಸ ಕಲಿಸಿದ ಕಂಡಕ್ಟರು ನಿಂತಿದ್ದ. ಅದೂ ಹೋಯಿತು.

ನಡೆದು ಮುಟ್ಟಳ್ಳಿ ತಲುಪುವಷ್ಟರಲ್ಲಿ ಚಿತೆ ಆರಿತ್ತು.